ಹೊಲಕ್ಕೂ ಬೇಕು, ಸಂತೆಗೂ ಬೇಕು ಆಶ್ರಯದ ಸಾಲು

(ನವಲಗುಂದ ತಾಲೂಕಿನ ಮೊರಬದಲ್ಲಿ ರೈತರು ಮತ್ತು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಘಟ್ಟದ ಮೇಲಿನ ನಮಗೂ ಎರೆಸೀಮೆಯ ನಿಮಗೂ ಇರುವ ನಂಟು ನೀರಿನಿಂದ ಆರಂಭವಾಗುತ್ತದೆ. ಕಣಕುಂಬಿಯ ಕಾಡಿನಲ್ಲಿ ಹುಟ್ಟಿದ ಮಲಪ್ರಭೆ ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು, ಕಾಲುವೆಯಾಗಿ ಈ ನಾಡಿಗೆ ಬರುತ್ತಾಳೆ. ಕಾಡು ಕೆಟ್ಟರೆ ಕಾಲುವೆ ಬತ್ತುತ್ತದೆ ಎಂಬುದನ್ನು ನಾವು ಮೇಲಿನವರೂ ಕೆಳಗಿನವರೂ ಅನುಭವದಿಂದ ಕಲಿತಿದ್ದೇವೆ. ನೀರಿನಂತೆಯೇ ನಮ್ಮಿಬ್ಬರನ್ನೂ ಕಟ್ಟಿಹಾಕಿರುವ ಇನ್ನೊಂದು ವಸ್ತುವಿದೆ, ಅದು ಬೀಜ. ಕಲಘಟಗಿ, ಮುಂಡಗೋಡಗಳ ಗೋವಿನಜೋಳದ ಹೊಲಕ್ಕೂ ಮೊರಬದ ಹತ್ತಿಯ ಹೊಲಕ್ಕೂ ಇಂದು ಬೀಜ ಬರುವುದು ಮನೆಯ ಗಡಿಗೆಯಿಂದಲ್ಲ, ಅಂಗಡಿಯ ಪಾಕೀಟಿನಿಂದ.

ತಂತ್ರಜ್ಞಾನದ ದೊಡ್ಡ ಕಂಪನಿಗಳು ಸಣ್ಣ ವ್ಯಾಪಾರಿಗಳನ್ನೂ ಬಳಕೆದಾರರನ್ನೂ ಹೇಗೆ ಬಾಧಿಸುತ್ತವೆ ಎಂಬ ಕುರಿತು ಮಾತನಾಡಬೇಕೆಂದು ವಿದ್ಯಾರ್ಥಿಗಳು ಕೇಳಿದ್ದಾರೆ. ಈ ಪ್ರಶ್ನೆ ಕೇಳಿದೊಡನೆ ಎಲ್ಲರ ಕಣ್ಣ ಮುಂದೆ ಬರುವುದು ಕೈಯಲ್ಲಿರುವ ಫೋನು. ಆದರೆ ಧಾರವಾಡ ಜಿಲ್ಲೆಯ ಹಳ್ಳಿಗಳಿಗೆ ಈ ಪ್ರಶ್ನೆ ಫೋನಿಗಿಂತ ಮೊದಲೇ, ಹತ್ತಿ ಬೀಜದ ಪಾಕೀಟಿನೊಳಗೆ ಕುಳಿತು ಬಂದಿತ್ತು. ಇಪ್ಪತ್ತು ವರ್ಷಕ್ಕೂ ಮಿಕ್ಕಿದ ಆ ಅನುಭವ ನಮ್ಮ ಕಣ್ಣೆದುರಿಗೇ ಇದೆ. ಅದನ್ನು ಸರಿಯಾಗಿ ಓದಿಕೊಂಡರೆ ಫೋನಿನ ಕಂಪನಿಗಳನ್ನು ಅರ್ಥಮಾಡಿಕೊಳ್ಳುವುದು ಕಷ್ಟವಾಗದು. ಆದುದರಿಂದ ನಾನು ಹತ್ತಿಯಿಂದಲೇ ಆರಂಭಿಸುತ್ತೇನೆ.

ಧಾರವಾಡದ ಹತ್ತಿ

ಹತ್ತಿಗಾಗಿ ಕಂಪನಿಯೊಂದು ನಮ್ಮ ಹೊಲದವರೆಗೆ ಬಂದದ್ದು ಮೊದಲ ಸಲವೇನಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಆಡಳಿತವು ಇಂಗ್ಲೆಂಡಿನ ಗಿರಣಿಗಳಿಗೆ ಬೇಕಾದ ಅಮೆರಿಕದ ಹತ್ತಿಯನ್ನು ಈ ಸೀಮೆಯಲ್ಲಿ ಬೆಳೆಸಿತು. ‘ಧಾರವಾಡ-ಅಮೆರಿಕನ್’ ಎಂಬ ಹೆಸರು ಆಗಿನ ಹತ್ತಿ ವ್ಯಾಪಾರದಲ್ಲಿ ಪ್ರಸಿದ್ಧವಾಗಿತ್ತು. ಆದರೂ ಆ ಬೀಜ ರೈತನ ಕೈಗೆ ಬಂದ ಮೇಲೆ ರೈತನದೇ ಆಗಿತ್ತು. ಬಿಡಿಸಿದ ಹತ್ತಿಯನ್ನು ಹಿಂಜಿ, ಕಾಳು ಉಳಿಸಿ, ಮುಂದಿನ ಮಳೆಗೆ ಬಿತ್ತಬಹುದಾಗಿತ್ತು.

ನಂತರದ ಕಾಲದಲ್ಲಿ ಧಾರವಾಡದ ಸಂಶೋಧನಾ ಕೇಂದ್ರವು ದೇಸಿ ಹತ್ತಿಯಲ್ಲಿ ಜಯಧರ ತಳಿಯನ್ನು ರೂಪಿಸಿತು. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಹಿರಿಯರಿಗೆ ಅದರ ಪರಿಚಯ ಹೇಳಬೇಕಾಗಿಲ್ಲ. ಎಳೆ ಗಿಡ್ಡ, ಬೆಳೆಯ ಅವಧಿ ದೀರ್ಘ. ಆದರೆ ಬೇರು ಎರೆಯ ಆಳಕ್ಕೆ ಇಳಿಯುತ್ತದೆ, ಮಳೆ ಕೈಕೊಟ್ಟರೂ ಗಿಡ ತಾಳುತ್ತದೆ, ರಸ ಹೀರುವ ಕೀಟಗಳ ಕಾಟ ಕಡಿಮೆ, ಔಷಧಿಯ ಖರ್ಚು ಇಲ್ಲವೆನ್ನುವಷ್ಟು ಅಲ್ಪ.

1972ರಲ್ಲಿ ಇದೇ ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿಯವರು ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿಯನ್ನು ಹೊರತಂದರು. ಎರಡು ಬೇರೆ ಬೇರೆ ಪ್ರಭೇದಗಳ ಹತ್ತಿಯನ್ನು ಕೂಡಿಸಿ ವಾಣಿಜ್ಯ ಬೆಳೆಯಾಗಿಸಿದ ಮೊದಲ ಹೈಬ್ರಿಡ್ ಎಂಬ ಕೀರ್ತಿ ಅದರದು. 1981ರಲ್ಲಿ ಡಿಸಿಎಚ್-32, ಅಂದರೆ ಜಯಲಕ್ಷ್ಮಿ, ಬಂದಿತು. ಹೈಬ್ರಿಡ್ ಬೀಜವನ್ನು ಪ್ರತಿವರ್ಷ ಕೊಳ್ಳಲೇಬೇಕು. ಏಕೆಂದರೆ ಅದರ ಮರುಬಿತ್ತನೆಯಲ್ಲಿ ಗುಣಗಳು ಚದುರಿಹೋಗುತ್ತವೆ, ಒಂದು ಗಿಡದಂತೆ ಇನ್ನೊಂದು ಬರುವುದಿಲ್ಲ. ಆದರೆ ಈ ಹೈಬ್ರಿಡ್‌ಗಳ ತಂದೆತಾಯಿ ತಳಿಗಳು ಸಾರ್ವಜನಿಕ ಸಂಸ್ಥೆಯಲ್ಲಿದ್ದವು. ಬೀಜೋತ್ಪಾದನೆ ರೈತರ ಹೊಲಗಳಲ್ಲಿ ನಡೆಯಿತು. ಸಣ್ಣ ಬೀಜ ವ್ಯಾಪಾರಿಗಳು ಅದರಿಂದ ಬದುಕು ಕಟ್ಟಿಕೊಂಡರು. ರಾಣೆಬೆನ್ನೂರು ಸುತ್ತಮುತ್ತ ಬೀಜೋದ್ಯಮ ಬೆಳೆದುದರ ಹಿಂದೆ ಇಂತಹ ಸಾರ್ವಜನಿಕ ಸಂಶೋಧನೆಯ ಆಸರೆಯೂ ಇತ್ತು.

ಹಳೆಯ ಕಾಲ ಸ್ವರ್ಗವಾಗಿತ್ತೆಂದು ನಾನು ಹೇಳುತ್ತಿಲ್ಲ. ವರಲಕ್ಷ್ಮಿಯ ಬೆಲೆ ಕುಸಿದದ್ದು, ಕೀಟಬಾಧೆ ಹೆಚ್ಚಿದ್ದು, ಅದರ ಮೇಲೆ ನೀರಾವರಿಯ ಅಭಿವೃದ್ಧಿ ಕರ ಬಿದ್ದದ್ದು, ಇವೆಲ್ಲ ಕೂಡಿಯೇ 1980ರ ನರಗುಂದ-ನವಲಗುಂದ ಬಂಡಾಯಕ್ಕೆ ಕಾರಣವಾದವು. ಆ ನೆನಪು ಈ ನೆಲದಲ್ಲಿ ಇನ್ನೂ ಹಸಿಯಾಗಿದೆ. ಹೈಬ್ರಿಡ್ ಎಂಬುದೇ ಕೇಡೆಂದಾಗಲಿ ದೇಸಿ ಎಂಬುದೇ ಮೋಕ್ಷವೆಂದಾಗಲಿ ನನ್ನ ವಾದವಲ್ಲ. ಬೀಜದ ಬಾಗಿಲು ಆಗ ಎಷ್ಟಿದ್ದವು, ಈಗ ಎಷ್ಟಿವೆ ಎಂಬುದನ್ನು ಮಾತ್ರ ಎಣಿಸಿ ನೋಡಿ ಎಂದು ಕೇಳುತ್ತಿದ್ದೇನೆ.

ಬೀಜದೊಳಗಿನ ಬೀಗ

1990ರ ದಶಕದಲ್ಲಿ ಹಸಿರು ಕಾಯಿಕೊರಕ ಹುಳುವು ಹತ್ತಿ ಬೆಳೆಗಾರರನ್ನು ಕಂಗೆಡಿಸಿತ್ತು. ಎಷ್ಟು ಸಿಂಪಡಿಸಿದರೂ ಹುಳು ಸಾಯುತ್ತಿರಲಿಲ್ಲ. ಆ ಹೊತ್ತಿಗೆ ಅಮೆರಿಕದ ಮೊನ್ಸಾಂಟೊ ಕಂಪನಿಯು ಮಣ್ಣಿನಲ್ಲಿರುವ ಬಿಟಿ ಎಂಬ ಸೂಕ್ಷ್ಮಾಣುವಿನ ವಂಶವಾಹಿಯೊಂದನ್ನು ಹತ್ತಿಯೊಳಗೆ ಸೇರಿಸಿ, ಗಿಡವೇ ಹುಳುವಿನ ವಿಷವನ್ನು ತಯಾರಿಸಿಕೊಳ್ಳುವಂತೆ ಮಾಡಿತ್ತು. ಭಾರತದ ಮಹಿಕೊ ಕಂಪನಿಯೊಡನೆ ಅದು ಪಾಲುದಾರಿಕೆ ಮಾಡಿಕೊಂಡಿತು. 1998ರಲ್ಲಿ ಪ್ರಯೋಗದ ಬೆಳೆಗಳು ರಾಯಚೂರು, ಬಳ್ಳಾರಿ ಭಾಗದ ಹೊಲಗಳಲ್ಲಿದ್ದಾಗ, ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ನಾಯಕತ್ವದಲ್ಲಿ ರಾಜ್ಯ ರೈತ ಸಂಘವು ಆ ಬೆಳೆಗೆ ಬೆಂಕಿಯಿಟ್ಟು ಪ್ರತಿಭಟಿಸಿತು. 2002ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರದ ಸಮಿತಿಯು ಬಿಟಿ ಹತ್ತಿಯ ವಾಣಿಜ್ಯ ಬೇಸಾಯಕ್ಕೆ ಅನುಮತಿ ನೀಡಿತು. 2006ರಲ್ಲಿ ಎರಡು ವಂಶವಾಹಿಗಳುಳ್ಳ ಬೋಲ್‌ಗಾರ್ಡ್-2 ಬಂದಿತು.

ಆರಂಭದಲ್ಲಿ ಲಾಭವಾಗಲಿಲ್ಲವೆ? ಆಯಿತು. ಹಸಿರು ಕಾಯಿಕೊರಕಕ್ಕೆ ಹೊಡೆಯುವ ಔಷಧಿ ಇಳಿಯಿತು. ದೇಶದಲ್ಲಿ ಹೆಕ್ಟೇರಿಗೆ ಸುಮಾರು 300 ಕಿಲೊ ಇದ್ದ ಅರಳೆಯ ಇಳುವರಿ ಕೆಲವೇ ವರ್ಷಗಳಲ್ಲಿ 500 ಕಿಲೊ ದಾಟಿತು. ಇದರಲ್ಲಿ ನೀರಾವರಿ, ಗೊಬ್ಬರ, ಹೊಸ ಕೀಟನಾಶಕಗಳ ಪಾಲೂ ಇದೆ. ಆದರೂ ರೈತರು ಮೋಸಹೋಗಿ ಮಾತ್ರ ಈ ಬೀಜ ಕೊಂಡರೆಂದು ಹೇಳುವುದು ರೈತರ ಬುದ್ಧಿಗೆ ಮಾಡುವ ಅವಮಾನ. ಲಾಭ ಕಂಡೇ ಕೊಂಡರು. ಕೆಲವೇ ವರ್ಷಗಳಲ್ಲಿ ದೇಶದ ಹತ್ತಿ ಕ್ಷೇತ್ರದ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಬಿಟಿಯಾಯಿತು.

ತೊಡಕು ಹುಟ್ಟಿದ್ದು ಈ ತೊಂಬತ್ತರಲ್ಲಿಯೇ. ಬೀಜದ ಅಂಗಡಿಗೆ ಹೋದರೆ ನೂರಾರು ಹೆಸರುಗಳ, ಬಣ್ಣಬಣ್ಣದ ಪಾಕೀಟುಗಳು ತೂಗಾಡುತ್ತಿದ್ದವು. ಆಯ್ಕೆಗೆ ಬರವಿಲ್ಲವೆಂದು ತೋರುತ್ತಿತ್ತು. ಆದರೆ ನಲವತ್ತಕ್ಕೂ ಹೆಚ್ಚು ಭಾರತೀಯ ಬೀಜ ಕಂಪನಿಗಳು ತಮ್ಮ ತಮ್ಮ ಹೈಬ್ರಿಡ್‌ಗಳಲ್ಲಿ ಸೇರಿಸಿಕೊಂಡಿದ್ದುದು ಒಂದೇ ಮೂಲದ ವಂಶವಾಹಿಯನ್ನು. ಅದಕ್ಕಾಗಿ ಪ್ರತಿ ಕಂಪನಿಯೂ ಮಹಿಕೊ-ಮೊನ್ಸಾಂಟೊ ಬಯೋಟೆಕ್ ಸಂಸ್ಥೆಗೆ ಹಿಂದಿರುಗಿ ಬಾರದ 50 ಲಕ್ಷ ರೂಪಾಯಿ ಮುಂಗಡ ಕೊಟ್ಟು, ಮಾರಿದ ಪ್ರತಿ ಪಾಕೀಟಿನ ಮೇಲೂ ರಾಜಧನ ಕಟ್ಟಬೇಕಾಗಿತ್ತು. ಪಾಕೀಟು ನೂರು, ಒಳಗಿನ ಬೀಗ ಒಂದೇ.

ಇದಕ್ಕೆ ಜೀವಶಾಸ್ತ್ರದ ಇನ್ನೊಂದು ಬೀಗವೂ ಸೇರಿತು. ಅಮೆರಿಕ, ಚೀನಾ ದೇಶಗಳಲ್ಲಿ ಬಿಟಿ ಗುಣವು ಮರುಬಿತ್ತಬಹುದಾದ ಸಾದಾ ತಳಿಗಳಲ್ಲಿಯೂ ಇತ್ತು. ನಮ್ಮಲ್ಲಿ ಅದನ್ನು ಹೈಬ್ರಿಡ್‌ಗಳಲ್ಲಿ ಮಾತ್ರ ಸೇರಿಸಿದರು. ನಮ್ಮ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯು ಬೀಜವನ್ನು ಉಳಿಸುವ, ಬಿತ್ತುವ, ವಿನಿಮಯ ಮಾಡುವ, ಕಂಪನಿಯ ಗುರುತಿಲ್ಲದೆ ಮಾರುವ ಹಕ್ಕನ್ನು ರೈತನಿಗೆ ಕೊಟ್ಟಿದೆ. ಆದರೆ ಉಳಿಸಿಟ್ಟರೂ ಕೆಲಸಕ್ಕೆ ಬಾರದ ಬೀಜದ ಮುಂದೆ ಆ ಹಕ್ಕು ಬರಿಯ ಕಾಗದವಾಗುತ್ತದೆ.

ಬೆಲೆಯ ಕಥೆ, ನ್ಯಾಯಾಲಯದ ಕಥೆ

450 ಗ್ರಾಮಿನ ಪಾಕೀಟು ಮೊದಮೊದಲು 1,600 ರೂಪಾಯಿಯ ಆಸುಪಾಸಿನಲ್ಲಿತ್ತು. 2005ರ ಹೊತ್ತಿಗೆ 1,850ಕ್ಕೆ ಏರಿತು. ಅದರಲ್ಲಿ ರಾಜಧನವೇ ಸುಮಾರು 1,250 ರೂಪಾಯಿ. ಅಂದರೆ ಬೀಜ ಬೆಳೆದವನಿಗೆ, ಪಾಕೀಟು ಮಾಡಿದವನಿಗೆ, ಅಂಗಡಿಕಾರನಿಗೆ ಸೇರಿ ಮೂರನೆಯ ಒಂದು ಪಾಲು, ಉಳಿದದ್ದೆಲ್ಲ ಬೀಗದ ಒಡೆಯನಿಗೆ. 2006ರಲ್ಲಿ ಆಂಧ್ರಪ್ರದೇಶ ಸರ್ಕಾರವು ಏಕಸ್ವಾಮ್ಯ ವ್ಯಾಪಾರ ನಿಯಂತ್ರಣ ಆಯೋಗದ ಮುಂದೆ ದೂರು ನೀಡಿತು. ಆಯೋಗವು ರಾಜಧನ ತಗ್ಗಿಸಲು ಹೇಳಿದ ಮೇಲೆ ಪಾಕೀಟಿನ ಬೆಲೆ 750ಕ್ಕೆ ಇಳಿಯಿತು. ಒಂದು ರಾಜ್ಯ ಸರ್ಕಾರ ಎದ್ದು ನಿಂತು ಕೇಳಿದ್ದರಿಂದ ದೇಶದ ಹತ್ತಿ ಬೆಳೆಗಾರನ ಬೀಜದ ಖರ್ಚು ಅರ್ಧಕ್ಕಿಂತ ಕಡಿಮೆಯಾಯಿತು ಎಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು.

2015ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹತ್ತಿ ಬೀಜ ಬೆಲೆ ನಿಯಂತ್ರಣ ಆದೇಶ ಹೊರಡಿಸಿತು. 2016ರಲ್ಲಿ ಬೋಲ್‌ಗಾರ್ಡ್-2 ಪಾಕೀಟಿಗೆ 800 ರೂಪಾಯಿ, ಅದರಲ್ಲಿ ರಾಜಧನ 49 ರೂಪಾಯಿ ಎಂದು ನಿಗದಿಯಾಯಿತು. 2020ರಲ್ಲಿ ರಾಜಧನ ಸೊನ್ನೆಯಾಯಿತು. 2025ರ ಮುಂಗಾರಿಗೆ ಪಾಕೀಟಿನ ಗರಿಷ್ಠ ಬೆಲೆ 901 ರೂಪಾಯಿ.

ಬೆಲೆ ಹೀಗೆ ಹತೋಟಿಗೆ ಬಂದಿತು. ಆದರೆ ವ್ಯಾಪಾರದ ಷರತ್ತುಗಳು? 2016ರ ಫೆಬ್ರುವರಿಯಲ್ಲಿ ಭಾರತದ ಸ್ಪರ್ಧಾ ಆಯೋಗವು ಮಹಿಕೊ-ಮೊನ್ಸಾಂಟೊ ಒಪ್ಪಂದಗಳ ಕುರಿತು ತನಿಖೆಗೆ ಆದೇಶಿಸಿತು. ಪರವಾನಗಿ ಪಡೆದ ಬೀಜ ಕಂಪನಿಗಳು ಬೇರೊಬ್ಬರ ತಂತ್ರಜ್ಞಾನದ ಕಡೆಗೆ ಹೋಗದಂತೆ ಷರತ್ತುಗಳು ತಡೆಯುವಂತಿವೆ, ಪರವಾನಗಿ ರದ್ದತಿಯ ಷರತ್ತುಗಳು ಕಠಿಣವಾಗಿವೆ ಎಂಬುದು ಆಯೋಗದ ಮೇಲ್ನೋಟದ ಅಭಿಪ್ರಾಯವಾಗಿತ್ತು. ಅದು ಅಂತಿಮ ತೀರ್ಪಲ್ಲ. ಅಂತಿಮ ತೀರ್ಪು ಬರಲೂ ಇಲ್ಲ. ಪೇಟೆಂಟ್ ಹಕ್ಕಿನ ಬಳಕೆಯ ತಕರಾರನ್ನು ಪೇಟೆಂಟ್ ಕಾಯಿದೆಯಡಿಯೇ ನೋಡಬೇಕು, ಸ್ಪರ್ಧಾ ಆಯೋಗ ಅದರೊಳಗೆ ಪ್ರವೇಶಿಸುವಂತಿಲ್ಲ ಎಂದು 2023ರ ಜುಲೈಯಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಹೇಳಿತು. 2025ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಆಯೋಗದ ಮೇಲ್ಮನವಿಯನ್ನು ವಜಾಗೊಳಿಸಿತು. ಪೇಟೆಂಟಿನ ಸಿಂಧುತ್ವದ ಬಗೆಗಿನ ಇನ್ನೊಂದು ವ್ಯಾಜ್ಯದ ಕಥೆಯೂ ಹೀಗೆಯೇ ನಡೆಯಿತು. 2018ರಲ್ಲಿ ದೆಹಲಿಯಲ್ಲಿ ಪೇಟೆಂಟ್ ರದ್ದಾಯಿತು, 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿ ಮರುವಿಚಾರಣೆಗೆ ಕಳುಹಿಸಿತು, ಅದೇ ವರ್ಷ ಪೇಟೆಂಟಿನ ಅವಧಿಯೇ ಮುಗಿಯಿತು, 2021ರಲ್ಲಿ ಪಕ್ಷಗಾರರು ರಾಜಿಯಾದರು. ಇಷ್ಟು ವರ್ಷ ಪ್ರಶ್ನೆ ಕೋರ್ಟಿನಲ್ಲಿತ್ತು, ಹುಳು ಹೊಲದಲ್ಲಿತ್ತು.

ಹುಳು ಕಲಿಸಿದ ಪಾಠ

ಈಗ ಆ ಹುಳುವಿನ ವಿಷಯಕ್ಕೆ ಬರುತ್ತೇನೆ. ನನ್ನ ಇಡೀ ಮಾತಿನ ತಿರುಳು ಇಲ್ಲಿದೆ.

ಬಿಟಿ ಬೀಜದ 450 ಗ್ರಾಂ ಪಾಕೀಟಿನ ಜೊತೆಗೆ 120 ಗ್ರಾಮಿನ ಇನ್ನೊಂದು ಸಣ್ಣ ಪೊಟ್ಟಣ ಬರುತ್ತಿದ್ದುದು ನಿಮಗೆ ನೆನಪಿರಬಹುದು. ಅದರಲ್ಲಿದ್ದುದು ಬಿಟಿ ಅಲ್ಲದ ಹತ್ತಿ. ಹೊಲದ ಸುತ್ತ ಐದು ಸಾಲು, ಅಥವಾ ಹೊಲದ ಐದನೆಯ ಒಂದು ಭಾಗದಲ್ಲಿ ಅದನ್ನು ಬಿತ್ತಬೇಕಾಗಿತ್ತು. ಅದಕ್ಕೆ ಆಶ್ರಯ ಬೆಳೆ ಎಂದು ಹೆಸರು. ಹೆಚ್ಚಿನವರು ಅದನ್ನು ಬದುವಿಗೆ ಎಸೆದರು. ಹುಳುವಿಗೆ ಊಟ ಹಾಕಲು ನಾನೇಕೆ ಹೊಲ ಬಿಡಲಿ ಎಂದರು. ಆ ಪೊಟ್ಟಣದ ಅರ್ಥವನ್ನು ರೈತನಿಗೆ ತಿಳಿಯಹೇಳುವ ಶ್ರಮವನ್ನು ಮಾರುವವರು ಹೆಚ್ಚಾಗಿ ತೆಗೆದುಕೊಳ್ಳಲಿಲ್ಲ.

ಅದರ ಅರ್ಥ ಇಷ್ಟು. ಲಕ್ಷಾಂತರ ಹುಳುಗಳಲ್ಲಿ ಎಲ್ಲೋ ಒಂದೆರಡಕ್ಕೆ ವಿಷವನ್ನು ತಾಳುವ ಗುಣ ಹುಟ್ಟಿನಿಂದಲೇ ಇರುತ್ತದೆ. ಹೊಲವೆಲ್ಲ ಬಿಟಿಯಾದರೆ ಉಳಿದವು ಸತ್ತು, ಆ ಒಂದೆರಡು ಮಾತ್ರ ಉಳಿದು, ತಮ್ಮ ತಮ್ಮಲ್ಲೇ ಕೂಡಿ, ವಿಷಕ್ಕೆ ಬಗ್ಗದ ಸಂತಾನವನ್ನೇ ಬೆಳೆಸುತ್ತವೆ. ಪಕ್ಕದಲ್ಲಿ ಸಾದಾ ಹತ್ತಿಯ ಸಾಲಿದ್ದರೆ ಅಲ್ಲಿ ಸಾದಾ ಹುಳುಗಳೂ ಬದುಕಿರುತ್ತವೆ. ಗಟ್ಟಿ ಹುಳುವು ಸಾದಾ ಹುಳುವಿನೊಡನೆ ಕೂಡಿದಾಗ ಹುಟ್ಟುವ ಮರಿಗಳು ಬಹುತೇಕ ವಿಷಕ್ಕೆ ಬಲಿಯಾಗುತ್ತವೆ. ಅಂದರೆ ಒಂದಿಷ್ಟು ಸಾದಾ ಸಾಲು ಉಳಿದಿದ್ದರಿಂದಲೇ ದೊಡ್ಡ ಹೊಲದ ತಂತ್ರಜ್ಞಾನ ಬಾಳುತ್ತದೆ.

ಗುಲಾಬಿ ಕಾಯಿಕೊರಕವು ನಮ್ಮಲ್ಲಿ ಬಹುತೇಕ ಹತ್ತಿಯನ್ನೇ ನಂಬಿ ಬದುಕುವ ಹುಳು. ಹತ್ತಿಯೆಲ್ಲ ಬಿಟಿಯಾದಾಗ ಅದಕ್ಕೆ ಸಾದಾ ಸಾಲು ಎಲ್ಲಿಯೂ ಉಳಿಯಲಿಲ್ಲ. 2010ರಲ್ಲಿ ಗುಜರಾತಿನ ನಾಲ್ಕು ಜಿಲ್ಲೆಗಳಲ್ಲಿ ಅದು ಮೊದಲ ಬೋಲ್‌ಗಾರ್ಡ್‌ಗೆ ಬಗ್ಗುತ್ತಿಲ್ಲವೆಂದು ಕಂಪನಿಯೇ ಒಪ್ಪಿಕೊಂಡಿತು. ಮುಂದಿನ ಕೆಲವೇ ವರ್ಷಗಳಲ್ಲಿ ಬೋಲ್‌ಗಾರ್ಡ್-2ನ್ನೂ ದಾಟಿತು. 2015ರಲ್ಲಿ ರಾಯಚೂರು ಭಾಗದ ರೈತರು ಅದರ ಪೆಟ್ಟು ತಿಂದರು. ಹಸಿರು ಕಾಯಿಕೊರಕವಾದರೋ ಇಷ್ಟು ಬೇಗ ಗಟ್ಟಿಯಾಗಲಿಲ್ಲ. ಕಾರಣಗಳಲ್ಲಿ ಒಂದು ನಿಮ್ಮ ಹೊಲದಲ್ಲಿಯೇ ಇದೆ. ಅದು ಕಡಲೆಯನ್ನೂ ತೊಗರಿಯನ್ನೂ ತಿನ್ನುತ್ತದೆ. ಮೊರಬದ ಎರೆಯಲ್ಲಿ ಹತ್ತಿಯ ಮಗ್ಗುಲಿಗೆ ನೀವು ಬಿತ್ತಿದ ಕಡಲೆಯೇ ಯಾರೂ ಹೇಳದೆ ಆಶ್ರಯದ ಸಾಲಾಗಿ ಕೆಲಸ ಮಾಡಿತು.

ಮಾರುಕಟ್ಟೆಗೂ ಇದೇ ನಿಯಮ ಅನ್ವಯಿಸುತ್ತದೆ ಎಂಬುದು ನನ್ನ ನಂಬಿಕೆ. ಸಾರ್ವಜನಿಕ ಸಂಸ್ಥೆಯ ತಳಿ, ಸಣ್ಣ ಬೀಜ ಕಂಪನಿಯ ಸ್ವಂತ ತಳಿ, ಮನೆಯಲ್ಲಿ ಉಳಿಸಿದ ಬೀಜ, ಇವು ಸಂತೆಯ ಆಶ್ರಯದ ಸಾಲುಗಳು. ದೊಡ್ಡ ಕಂಪನಿಯ ಸರಕು ಉತ್ತಮವಾಗಿದ್ದಾಗ ಈ ಸಾಲುಗಳು ದಂಡವೆಂದೇ ತೋರುತ್ತವೆ. ಆ ಸರಕು ಸೋತ ದಿನ ಹಿಂದಿರುಗಲು ದಾರಿಯೇ ಇಲ್ಲದಾಗ ಅವುಗಳ ಬೆಲೆ ತಿಳಿಯುತ್ತದೆ. ಗುಲಾಬಿ ಹುಳು ಬಂದಾಗ ರೈತನು ಬೇರೆ ಬೀಜ ಕೇಳಿದ್ದರೆ ಅಂಗಡಿಯಲ್ಲಿ ಇದ್ದುದು ಅದೇ ವಂಶವಾಹಿಯ ಇನ್ನೊಂದು ಹೆಸರಿನ ಪಾಕೀಟು. ಹೀಗೆ ಸಕ್ರಮ ಬಾಗಿಲು ಒಂದೇ ಆದಾಗ ಕಳ್ಳ ಬಾಗಿಲು ತೆರೆಯುತ್ತದೆ. ಕಳೆನಾಶಕ ತಾಳುವ, ಸರ್ಕಾರದ ಅನುಮತಿಯಿಲ್ಲದ ಹತ್ತಿ ಬೀಜ ಹಲವು ರಾಜ್ಯಗಳಲ್ಲಿ ರಸೀದಿಯಿಲ್ಲದೆ ಮಾರಾಟವಾದದ್ದು ಹೀಗೆಯೇ. ಅದು ಮೊಳೆಯದಿದ್ದರೆ ರೈತನು ಯಾರನ್ನು ಕೇಳಬೇಕು?

ನಮ್ಮದೇ ಮನೆಯ ಲೋಪ

ಸಾರ್ವಜನಿಕ ವಿಜ್ಞಾನವು ಈ ಸಾಲನ್ನು ಕಾಯಲು ಪ್ರಯತ್ನಿಸಲಿಲ್ಲವೆ? ಪ್ರಯತ್ನಿಸಿತು. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯೂ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಸೇರಿ, ರೈತರು ಮರುಬಿತ್ತಬಹುದಾದ ಬಿಕಾನೇರಿ ನರ್ಮಾ ಬಿಟಿ ಎಂಬ ಸಾದಾ ತಳಿಯನ್ನು ರೂಪಿಸಿದವು. 2008ರಲ್ಲಿ ಅನುಮತಿ ದೊರೆಯಿತು, 2009ರಲ್ಲಿ ಬೀಜ ರೈತರ ಕೈಗೆ ಬಂದಿತು. ಆದರೆ ಅದರಲ್ಲಿ ಮೊನ್ಸಾಂಟೊದ ವಂಶವಾಹಿಯ ಬೆರಕೆ ಇರುವುದು ಕಂಡುಬಂದು ಮಾರಾಟ ನಿಂತುಹೋಯಿತು. ಡಾ. ಸುಧೀರ್ ಸೋಪೊರಿ ಅವರ ನೇತೃತ್ವದ ಸಮಿತಿಯು 2012ರಲ್ಲಿ ವರದಿ ಕೊಟ್ಟು ಬೆರಕೆಯನ್ನು ದೃಢಪಡಿಸಿತು. ಕಂಪನಿಗಳನ್ನು ದೂಷಿಸುವಾಗ ಇದನ್ನು ಮುಚ್ಚಿಡುವುದು ಸರಿಯಲ್ಲ. ಎರಡನೆಯ ಬಾಗಿಲನ್ನು ಕಾಯಬೇಕಾದವರು ಶಿಸ್ತಿನಿಂದ ಕಾಯದಿದ್ದರೆ ಮೊದಲನೆಯ ಬಾಗಿಲಿನವನು ತನ್ನ ಸುಂಕವನ್ನು ಏರಿಸುತ್ತಲೇ ಹೋಗುತ್ತಾನೆ.

ಬೀಜದಿಂದ ಫೋನಿಗೆ

ಈಗ ವಿದ್ಯಾರ್ಥಿಗಳು ಕೇಳಿದ ಫೋನಿನ ವಿಷಯ. ಬೀಜದ ಕಂಪನಿಗೂ ಫೋನಿನ ಕಂಪನಿಗೂ ಏನು ಸಂಬಂಧ? 2013ರಲ್ಲಿ ಮೊನ್ಸಾಂಟೊ ಕಂಪನಿಯು ಹವಾಮಾನ ಮತ್ತು ಹೊಲದ ಮಾಹಿತಿಯನ್ನು ವಿಶ್ಲೇಷಿಸುವ ಕ್ಲೈಮೇಟ್ ಕಾರ್ಪೊರೇಷನ್ ಎಂಬ ಅಮೆರಿಕದ ಸಂಸ್ಥೆಯನ್ನು 90 ಕೋಟಿ ಡಾಲರಿಗೂ ಹೆಚ್ಚು ಹಣ ಕೊಟ್ಟು ಕೊಂಡಿತು. 2018ರಲ್ಲಿ ಮೊನ್ಸಾಂಟೊವನ್ನೇ ಜರ್ಮನಿಯ ಬೇಯರ್ ಕೊಂಡಿತು. ಬೀಜ, ಔಷಧಿ, ಹೊಲದ ಮಾಹಿತಿ ಮೂರೂ ಒಂದೇ ಸೂರಿನಡಿ ಬಂದವು. ಯಾವ ಹೊಲದಲ್ಲಿ ಯಾವ ಹುಳು ಎಂದು ಬರುತ್ತದೆ ಎಂಬುದನ್ನು ತಿಳಿದವನೇ ಔಷಧಿಯನ್ನೂ ಮಾರುವವನಾದರೆ ಅವನ ಸಲಹೆ ಯಾರ ಹಿತಕ್ಕೆ ಎಂಬ ಅನುಮಾನ ಸಹಜ.

ಫೋನಿನೊಳಗಿನ ಸಂತೆಯೂ ಇದೇ ರೀತಿಯದು. ಅಂಗಡಿಗಳ ಹೆಸರು ಸಾವಿರ, ಬಾಗಿಲು ಮಾತ್ರ ಒಂದೆರಡು. 2022ರ ಅಕ್ಟೋಬರ್‌ನಲ್ಲಿ ಸ್ಪರ್ಧಾ ಆಯೋಗವು ಆಂಡ್ರಾಯ್ಡ್ ಫೋನುಗಳಲ್ಲಿನ ತನ್ನ ಮೇಲುಗೈಯನ್ನು ದುರುಪಯೋಗ ಮಾಡಿಕೊಂಡಿತೆಂದು ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. 2023ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಆ ದಂಡವನ್ನು ಎತ್ತಿಹಿಡಿಯಿತು. ಅಮೆಜಾನ್, ಫ್ಲಿಪ್‌ಕಾರ್ಟ್ ತಮಗೆ ಬೇಕಾದ ಕೆಲವೇ ಮಾರಾಟಗಾರರಿಗೆ ಮೇಲುಪಂಕ್ತಿ ಹಾಕುತ್ತವೆ ಎಂದು ದೆಹಲಿಯ ಸಣ್ಣ ವ್ಯಾಪಾರಿಗಳ ಸಂಘ ನೀಡಿದ ದೂರಿನ ಮೇಲೆ 2020ರ ಜನವರಿಯಲ್ಲಿ ಆಯೋಗ ತನಿಖೆಗೆ ಆದೇಶಿಸಿತು. ಕಂಪನಿಗಳು ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯಕ್ಕೆ ಹೋಗಿ ತಡೆ ತಂದವು. 2021ರ ಜೂನ್‌ನಲ್ಲಿ ನ್ಯಾಯಾಲಯ ಅವರ ಅರ್ಜಿಯನ್ನು ವಜಾ ಮಾಡಿತು, ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅವರ ಮಾತಿಗೆ ಒಪ್ಪಲಿಲ್ಲ. ತನಿಖೆ ಆರಂಭವಾಗುವುದಕ್ಕೇ ಒಂದೂವರೆ ವರ್ಷ ಹಿಡಿಯಿತು. ಸಂತೆಯಲ್ಲಿ ಅಂಗಡಿ ಹಾಕಿದ ಸಣ್ಣ ವ್ಯಾಪಾರಿ ಒಂದೂವರೆ ವರ್ಷ ನಷ್ಟ ತಾಳಬಲ್ಲನೆ?

ರೈತನಿಗೆ ಇದಕ್ಕಿಂತ ಹತ್ತಿರದ ವಿಷಯವೆಂದರೆ ಹೊಲದ ಮಾಹಿತಿ. 2017ರಲ್ಲಿ ಕರ್ನಾಟಕ ಕೃಷಿ ಬೆಲೆ ಆಯೋಗವು ತೊಗರಿಯಂತಹ ಬೆಳೆಗಳ ಬೆಲೆಯ ಮುನ್ಸೂಚನೆಗಾಗಿ ಮೈಕ್ರೋಸಾಫ್ಟ್ ಜೊತೆ ಒಪ್ಪಂದ ಮಾಡಿಕೊಂಡಿತು. 2021ರಲ್ಲಿ ಕೇಂದ್ರ ಕೃಷಿ ಸಚಿವಾಲಯವು ಆರು ರಾಜ್ಯಗಳ ನೂರು ಹಳ್ಳಿಗಳ ಪ್ರಾಯೋಗಿಕ ಯೋಜನೆಗಾಗಿ ಅದೇ ಕಂಪನಿಯೊಡನೆ ಒಡಂಬಡಿಕೆ ಮಾಡಿಕೊಂಡಾಗ, ರೈತರ ಒಪ್ಪಿಗೆ ಕೇಳಿದವರು ಯಾರು ಎಂದು ಅನೇಕ ಸಂಘಟನೆಗಳು ಪ್ರಶ್ನಿಸಿದವು. ಮುನ್ಸೂಚನೆ ರೈತನಿಗೆ ಉಪಕಾರಿಯೇ. ಆದರೆ ಅಡತಿಗಿಂತ ಮೊದಲೇ ಬೆಲೆಯ ಅಂದಾಜು ದೊಡ್ಡ ಖರೀದಿದಾರನಿಗೆ ಸಿಕ್ಕಿ, ಬೆಳೆದವನಿಗೆ ಸಿಗದಿದ್ದರೆ ಅದೇ ಮಾಹಿತಿ ತಕ್ಕಡಿಯ ಕೆಳಗಿನ ಬೆರಳಾಗುತ್ತದೆ. ಹತ್ತಿಯ ತಳಿಗಳನ್ನು ತಲೆಮಾರುಗಳಿಂದ ಕಾಯ್ದವರು ನಾವು, ಅದರೊಳಗೆ ಬೀಗ ಹಾಕಿದವರು ಬೇರೆಯವರು. ಹೊಲದ ಮಾಹಿತಿಯಲ್ಲಿಯೂ ಹಾಗೆಯೇ ಆಗಬಾರದು.

ಮಾಡಬಹುದಾದ ಕೆಲಸಗಳು

ಇಷ್ಟು ಹೇಳಿ ನಿಮ್ಮನ್ನು ಭಯದಲ್ಲಿ ಬಿಟ್ಟುಹೋಗುವುದು ನನ್ನ ಉದ್ದೇಶವಲ್ಲ.

ಮೊದಲನೆಯದು, ರಸೀದಿ. ಉದ್ರಿ ತಂದರೂ ರಸೀದಿ ಬೇಡಿರಿ. ಪಾಕೀಟನ್ನೂ ಅದರ ಮೇಲಿನ ಲಾಟ್ ನಂಬರನ್ನೂ ಕೊಯ್ಲಿನವರೆಗೆ ಜೋಪಾನ ಮಾಡಿರಿ. ಬೀಜ ಕೊಳ್ಳುವ ರೈತನೂ ಗ್ರಾಹಕನೇ, ಅವನು ಗ್ರಾಹಕ ನ್ಯಾಯಾಲಯಕ್ಕೆ ಹೋಗಬಹುದು ಎಂದು 2012ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ರಾಷ್ಟ್ರೀಯ ಬೀಜ ನಿಗಮದ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ದೂರನ್ನು ನೀವು ವಾಸಿಸುವ ಜಿಲ್ಲೆಯಲ್ಲಿಯೇ ಸಲ್ಲಿಸಬಹುದು.

ಎರಡನೆಯದು, ಹುಳುವಿನ ಊಟ ಮುರಿಯುವುದು. ಹತ್ತಿಯನ್ನು ಬೇಸಿಗೆಯವರೆಗೆ ಎಳೆಯದೆ ಸಕಾಲದಲ್ಲಿ ಮುಗಿಸಿ, ಕಟ್ಟಿಗೆಯನ್ನು ಹೊಲದ ಬದುವಿನಲ್ಲಿ ಒಟ್ಟದೆ ವಿಲೇವಾರಿ ಮಾಡಿರಿ. ಮೋಹಕ ಬಲೆ ಹಾಕಿ ಪತಂಗ ಎಣಿಸಿರಿ. ಕಡಲೆ, ಜೋಳ, ಹೆಸರು ಹತ್ತಿಯೊಡನೆ ಸರದಿಯಲ್ಲಿ ಬರಲಿ. ಇದು ಒಬ್ಬರ ಹೊಲದಲ್ಲಿ ಮಾಡಿದರೆ ಸಾಲದು, ಊರೇ ಕೂಡಿ ಮಾಡಬೇಕು.

ಮೂರನೆಯದು, ಬೀಜದ ಎರಡನೆಯ ಬಾಗಿಲು. ಪ್ರತಿವರ್ಷ ಧಾರವಾಡದ ಕೃಷಿಮೇಳಕ್ಕೆ ಹೋಗುವವರು ಯಂತ್ರಗಳನ್ನು ನೋಡುವುದರ ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಿರಿ: ನಾವು ಮರುಬಿತ್ತಬಹುದಾದ ಹತ್ತಿಯ ಯಾವ ತಳಿಯ ಬೀಜ ಈ ವರ್ಷ ಕೊಡುತ್ತೀರಿ, ಎಷ್ಟು ಕೊಡುತ್ತೀರಿ? ಕೇಳುವವರಿಲ್ಲವೆಂದೇ ಸಂಸ್ಥೆಗಳು ಬೆಳೆಸುವುದನ್ನು ಬಿಡುತ್ತವೆ. ಕುಂದಗೋಳ ತಾಲೂಕಿನ ತೀರ್ಥ ಗ್ರಾಮದಲ್ಲಿ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘದ ತಾಯಂದಿರು ಸಮುದಾಯ ಬೀಜ ಬ್ಯಾಂಕು ಕಟ್ಟಿ, ಸಿರಿಧಾನ್ಯಗಳ ಬೀಜ ಉಳಿಸಿ ಹಂಚುತ್ತ ಬಂದಿದ್ದಾರೆ. 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಅವರಿಗೆ ಬಂದಿತು. ಅದು ಮೊರಬದಿಂದ ಒಂದು ದಿನದಲ್ಲಿ ಹೋಗಿ ನೋಡಿ ಬರುವಷ್ಟು ಹತ್ತಿರ. ಘಟ್ಟದ ನಮ್ಮ ಹಳ್ಳಿಗಳ ಭತ್ತದ ತಳಿಗಳಿಗೂ ಅಂತಹದೇ ಮನೆ ಬೇಕಾಗಿದೆ. ಫೋನಿನ ಸಂತೆಯಲ್ಲಿಯೂ ಇಂತಹ ಸಾಲುಗಳು ಸಾಧ್ಯ. 2022ರಲ್ಲಿ ಬೆಂಗಳೂರಿನ ಆಟೋ ಚಾಲಕರ ಸಂಘದ ಬೆಂಬಲದಿಂದ ಆರಂಭವಾದ ‘ನಮ್ಮ ಯಾತ್ರಿ’ಯು ಪ್ರತಿ ಪ್ರಯಾಣದಲ್ಲಿ ದಲಾಲಿ ಕತ್ತರಿಸದೆಯೂ ವ್ಯವಸ್ಥೆ ನಡೆಸಬಹುದೆಂದು ತೋರಿಸಿತು.

ನಾಲ್ಕನೆಯದು, ಕಾಯಿದೆಯ ಮೇಲೆ ಕಣ್ಣು. 2025ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಬೀಜ ಮಸೂದೆಯ ಕರಡನ್ನು ಪ್ರಕಟಿಸಿ ಜನರ ಅಭಿಪ್ರಾಯ ಕೇಳಿತು. ರೈತರ ತಳಿಗಳನ್ನು ಬಿಟ್ಟು ಉಳಿದ ತಳಿಗಳ ನೋಂದಣಿ, ಪಾಕೀಟಿನ ಮೇಲೆ ಮೂಲ ತಿಳಿಸುವ ಸಂಕೇತ ಮುಂತಾದವು ಅದರಲ್ಲಿದ್ದವು. ಮೂಲ ತಿಳಿಯುವುದು ಒಳ್ಳೆಯದೇ. ಅದರೊಡನೆ, ತಂತ್ರಜ್ಞಾನದ ಒಡೆಯನಿಗೂ ಸಣ್ಣ ಬೀಜ ಕಂಪನಿಗೂ ನಡುವಿನ ಪರವಾನಗಿಯ ಷರತ್ತುಗಳು ಬಹಿರಂಗವಾಗಬೇಕು, ಬೀಜ ಸೋತಾಗ ಪರಿಹಾರದ ಹೊಣೆ ಪಾಕೀಟು ಮಾಡಿದವನ ಮೇಲೆ ಮಾತ್ರ ಬೀಳದೆ ತಂತ್ರಜ್ಞಾನದ ಒಡೆಯನ ಮೇಲೂ ಬೀಳಬೇಕು ಎಂದು ಗ್ರಾಮಸಭೆಗಳು ಕೇಳಬೇಕು. ಸ್ಪರ್ಧಾ ಆಯೋಗದ ದಾರಿ ಮುಚ್ಚಿಹೋಗಿರುವಾಗ ಇದನ್ನು ಬೀಜದ ಕಾಯಿದೆಯಲ್ಲಿಯೇ ಕೇಳಬೇಕಾಗಿದೆ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಕೆಲಸ ಒಪ್ಪಿಸುತ್ತೇನೆ. ಮುಂದಿನ ಬಿತ್ತನೆಗೆ ಮೊದಲು ಮೊರಬದ ಓಣಿ ಓಣಿಗೆ ಹೋಗಿ ಮೂರು ವಿಷಯ ಬರೆದುಕೊಳ್ಳಿರಿ. ಯಾರ ಮನೆಯಲ್ಲಿ ಯಾವ ಬೀಜ ಇನ್ನೂ ಉಳಿದಿದೆ? ಕಳೆದ ವರ್ಷ ಯಾವ ಪಾಕೀಟು ಎಷ್ಟಕ್ಕೆ ಬಂದಿತು, ರಸೀದಿ ಸಿಕ್ಕಿತೆ? ಜಯಧರವನ್ನು ಬಿತ್ತಿದ ಹಿರಿಯರು ಯಾರಿದ್ದಾರೆ, ಅವರು ಅದನ್ನು ಹೇಗೆ ಬೆಳೆದರು? ಘಟ್ಟದ ವಿದ್ಯಾರ್ಥಿಗಳು ತಮ್ಮ ಊರಿನಲ್ಲಿ ಭತ್ತಕ್ಕೂ ಗೋವಿನಜೋಳಕ್ಕೂ ಇದೇ ಪಟ್ಟಿ ಮಾಡಲಿ. ಎರಡೂ ಪಟ್ಟಿಗಳು ಈ ಪತ್ರಿಕೆಗೆ ಬರಲಿ, ಪಕ್ಕಪಕ್ಕದಲ್ಲಿ ಅಚ್ಚಾಗಲಿ. ಯಾವ ಕಂಪನಿಯ ಅನುಮತಿಯೂ ಬೇಕಾಗದ, ನಾವೇ ಕೂಡಿಸಿ ನಾವೇ ಇಟ್ಟುಕೊಳ್ಳುವ ಮಾಹಿತಿ ಅದು. ಆಶ್ರಯದ ಸಾಲನ್ನು ಎಲ್ಲಿಂದ ಬಿತ್ತಬೇಕೆಂದು ಅದೇ ತಿಳಿಸುತ್ತದೆ.